ಪಿಕಪ್ ಕೇಳಿದರೆ ಸದ್ದು ಕೊಟ್ಟ

ನಾನು ಮೆಕ್ಯಾನಿಕ್ ಹತ್ತಿರ ಕೇಳಿದ್ದು ಇಷ್ಟೇ. ಶುಕ್ರವಾರ ಅಮ್ಮನ್ನ ಹಿಂದೆ ಕೂರಿಸ್ಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಗಾಡಿ ಏದುಸಿರು ಬಿಡುತ್ತೆ, ಸ್ವಲ್ಪ ಪಿಕಪ್ ಸರಿ ಮಾಡಿ ಕೊಡಪ್ಪ ಅಂತ. "ಬುಡಿ ಸಾರ್, ರಾಕೆಟ್ ಮಾಡ್ಕೊಡ್ತೀನಿ" ಅಂದ. ಮೂರು ದಿನ ಇಟ್ಕೊಂಡ, 3,800 ರೂಪಾಯಿ ತಗೊಂಡ. ಈಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ಪೋರ್ಟಿಕೋದಲ್ಲಿ ನಿಂತಿದೆ.

ಗಾಡಿ ಅಪ್ಪನದು. 98 ಸಿಸಿ ಕೈನೆಟಿಕ್ ಹೋಂಡಾ ಸ್ಕೂಟರ್, ಟೂ ಸ್ಟ್ರೋಕ್, ಅಂದರೆ ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯೋ ಎಂಜಿನ್. ಅಪ್ಪ ಮೈಸೂರು ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆಯಲ್ಲಿ 1996ರಲ್ಲಿ ಬಾಗಿಲು ಹಾಕೋವರೆಗೂ ದುಡಿದವರು. ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳೋರು. ಭಾನುವಾರ ಎಂಜಿನ್ನಿಗೆ ಕಿಡಿ ಕೊಡೋ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟು ನನಗೆ ತೋರಿಸೋರು. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿಯಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಎಂಜಿನ್ ಒಳಗೇ ಬೇಯ್ತಾ ಇದೆ, ತಕ್ಷಣ ನಿಲ್ಲಿಸು. ಹತ್ತನೇ ಕ್ಲಾಸಿನ ಹುಡುಗನಿಗೆ ಅರ್ಥವಾದ ಮಾತು ಇದು. ಬೋರ್ಡಿನ ಮೇಲೆ "ಟ್ಯೂನಿಂಗ್ ಸ್ಪೆಷಲಿಸ್ಟ್" ಅಂತ ಬರೆಸಿಕೊಂಡವನಿಗೆ ಗೊತ್ತಿಲ್ಲ!

ಅವನು ಮಾಡಿದ್ದೇನು ಕೇಳಿ. ಏರ್ ಫಿಲ್ಟರಿನ ಸ್ಪಾಂಜ್ ಕಿತ್ತು ಬಿಸಾಕಿದ, "ಫ್ರೀಯಾಗಿ ಉಸಿರಾಡ್ಲಿ ಸಾರ್" ಅಂತ. ಸೈಲೆನ್ಸರ್ ಕೊಯ್ದು ಒಳಗಿನ ಪೈಪು, ತಗಡು ಎಲ್ಲಾ ತೆಗೆದು ಬರೀ ಡಬ್ಬ ಮಾಡಿ ಮತ್ತೆ ವೆಲ್ಡಿಂಗ್ ಹೊಡೆದ. ಇಷ್ಟು ಗಾಳಿ ಒಳಗೆ ಬಿಟ್ಟ ಮೇಲೆ ಅದಕ್ಕೆ ತಕ್ಕ ಪೆಟ್ರೋಲ್ ಬೇಡವಾ? ಕಾರ್ಬುರೇಟರಿನ ಮೇನ್ ಜೆಟ್, ಅಂದರೆ ಪೆಟ್ರೋಲ್ ಹೋಗೋ ತೂತಿನ ತುಂಡು, ದೊಡ್ಡದು ಹಾಕಬೇಕಲ್ಲವಾ? ಅದನ್ನ ಮುಟ್ಟೇ ಇಲ್ಲ. ಟೂ ಸ್ಟ್ರೋಕಲ್ಲಿ ಎಣ್ಣೆ ಎಂಜಿನ್ನಿಗೆ ಹೋಗೋದೇ ಪೆಟ್ರೋಲ್ ಗಾಳಿಯ ಜೊತೆ ಬೆರೆತು. ಪೆಟ್ರೋಲ್ ಕಡಿಮೆಯಾಗಿ ಶಾಖ ಏರಿದರೆ ಪಿಸ್ಟನ್ ಹಿಗ್ಗುತ್ತೆ, ಎಣ್ಣೆಯ ಪದರ ಹರಿದುಹೋಗುತ್ತೆ, ಕಚ್ಚಿಕೊಳ್ಳುತ್ತೆ.

ಸೈಲೆನ್ಸರ್ ವಿಷಯಕ್ಕಂತೂ ನನ್ನ ಹೊಟ್ಟೆ ಇನ್ನೂ ಉರೀತಿದೆ. ಟೂ ಸ್ಟ್ರೋಕಿನ ಸೈಲೆನ್ಸರ್ ಬರೀ ಸದ್ದು ಅಡಗಿಸೋ ತಗಡಲ್ಲ ಸ್ವಾಮಿ, ಅದು ಎಂಜಿನ್ನಿನ ಅರ್ಧ ಭಾಗ. ಈ ಎಂಜಿನ್ನಿನಲ್ಲಿ ಹೊಗೆ ಹೋಗೋ ಕಿಂಡಿಗೆ ತೆರೆದು ಮುಚ್ಚೋ ವಾಲ್ವ್ ಇಲ್ಲ. ಹೊಗೆ ಹೋಗೋ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಗಾಳಿಯೂ ಒಳಗೆ ಬರ್ತಿರುತ್ತೆ, ಅದರಲ್ಲಿ ಒಂದಿಷ್ಟು ಹೊಗೆಯ ಹಿಂದೆಯೇ ಆಚೆ ಓಡುತ್ತೆ. ಸೈಲೆನ್ಸರಿನ ಒಳ ಆಕಾರ ಸರಿಯಿದ್ದರೆ ಅಲ್ಲಿಂದ ವಾಪಸ್ ಬರುವ ಒತ್ತಡ ಅದನ್ನ ಮತ್ತೆ ಸಿಲಿಂಡರಿಗೆ ತಳ್ಳುತ್ತೆ. ಎಳೆಯೋ ಶಕ್ತಿ ಬರೋದು ಅಲ್ಲಿಂದ. ಅದನ್ನ ಟೊಳ್ಳು ಮಾಡಿದರೆ ಸದ್ದು ನಾಲ್ಕು ಬೀದಿಗೆ ಕೇಳುತ್ತೆ, ಶಕ್ತಿ ಇದ್ದಿದ್ದೂ ಹೋಗುತ್ತೆ. ಸದ್ದಾದರೆ ಸ್ಪೀಡು ಅಂತ ಹುಡುಗರನ್ನ ನಂಬಿಸಿ ದುಡ್ಡು ಮಾಡ್ತಿದ್ದಾರೆ, ರಾತ್ರಿ ಹನ್ನೊಂದಕ್ಕೆ ಕುವೆಂಪುನಗರದಲ್ಲಿ ಮಲಗೋಕೆ ಆಗಲ್ಲ. ನಾನು ಆ ಹುಡುಗರಿಗೆ ಬೈತಿದ್ದೆ. ಈಗ ನನ್ನ ಅಪ್ಪನ ಗಾಡೀನೇ ಹಂಗೆ ಕಿರುಚ್ತು, ಹಿಂದೆ ಕೂತ ಅಮ್ಮ ಸೆರಗಲ್ಲಿ ಕಿವಿ ಮುಚ್ಚಿಕೊಂಡ್ರು.

ಅದರ ಮೇಲೆ ಹಗುರ ರೋಲರ್ ಬೇರೆ. ರೋಲರ್ ಅಂದರೆ ಬೆಲ್ಟಿನ ಪುಲ್ಲಿಯೊಳಗೆ ಕೂತು ಗೇರ್ ಬದಲಿಸೋ ಕೆಲಸ ಮಾಡೋ ಸಣ್ಣ ತೂಕಗಳು. ರೋಲರ್ ಹಗುರ ಮಾಡೋದು ತಪ್ಪಲ್ಲ, ಒಂದೆರಡು ಗ್ರಾಂ ಇಳಿಸಿದರೆ ಏರಲ್ಲಿ ಎಂಜಿನ್ ಚುರುಕಾಗಿ ತಿರುಗಿ ಗಾಡಿ ಎಳೆಯುತ್ತೆ, ಕೊನೇ ಸ್ಪೀಡು ಸ್ವಲ್ಪ ಕಡಿಮೆಯಾಗಬಹುದು. ಅವನು ಸಿಕ್ಕಿದ್ದರಲ್ಲಿ ಅತಿ ಹಗುರದ್ದು ತುಂಬಿದ. ಎಂಜಿನ್ ಹುಚ್ಚು ಹಿಡಿದಂಗೆ ತಿರುಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಬೆಟ್ಟದಲ್ಲಿ ನಂದಿಗೆ ತಿರುಗೋ ದಾರಿ ಸಿಗೋಕೆ ಮುಂಚೆಯೇ ಕರ್ ಅಂತ ಒಂದು ಸದ್ದು ಬಂತು, ನಿಂತೇಹೋಯ್ತು. ಎಪ್ಪತ್ತೊಂದು ವರ್ಷದ ಅಮ್ಮ ಹೂವಿನ ಬುಟ್ಟಿ ಹಿಡ್ಕೊಂಡು ರಸ್ತೆ ಪಕ್ಕ ಕಲ್ಲಿನ ಮೇಲೆ ಕೂತರು. ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣ.

ವಾಪಸ್ ಹೋಗಿ ಕೇಳಿದ್ದಕ್ಕೆ ಏನಂದ ಗೊತ್ತಾ? "ಹಳೇ ಗಾಡಿ ಸಾರ್, ಆಯಸ್ಸು ಮುಗ್ದೈತೆ, ಗುಜರಿಗೆ ಹಾಕ್ಬುಡಿ." ಅವನ ಬೆಂಚಿನ ಮೇಲಿನ ಡಬ್ಬಿಯಲ್ಲೇ ನನ್ನ ಹಳೇ ರೋಲರ್ ಬಿದ್ದಿದ್ದವು. ಎತ್ತಿ ನೋಡಿದೆ. ಒಂದೊಂದೂ ಒಂದು ಕಡೆ ಸವೆದು ಚಪ್ಪಟೆ. ಪಿಕಪ್ ಹೋಗಿದ್ದೇ ಅದಕ್ಕೆ! ಬೇಕಿದ್ದಿದ್ದು ಇಷ್ಟೇ: ಅದೇ ತೂಕದ ಹೊಸ ರೋಲರ್, ಒಂದು ಬೆಲ್ಟ್, ಸೈಲೆನ್ಸರಲ್ಲಿ ಕಟ್ಟಿದ್ದ ಕಾರ್ಬನ್ ಸುಟ್ಟು ತೆಗೆಯೋದು, ಕಾರ್ಬುರೇಟರ್ ತೊಳೆಯೋದು. ಅರ್ಧ ದಿನದ ಕೆಲಸ. ಸವೆದ ಬೆಲ್ಟನ್ನ ಮಾತ್ರ ಅವನು ಹಂಗೇ ಬಿಟ್ಟಿದ್ದಾನೆ.

ಕಂಪನಿ ಕೊಟ್ಟ ಸೈಲೆನ್ಸರ್ ಈ ಗಾಡಿಗೆ ಈಗ ಎಲ್ಲಿ ಹುಡುಕಲಿ? ಸಿಲಿಂಡರ್ ಅಪ್ಪನ ಕಾಲದಲ್ಲೇ ಒಂದು ಸಲ ಬೋರ್ ಆಗಿದೆ, ಅಂದರೆ ಒಳಗೆ ಕೊರೆದು ಅಗಲ ಮಾಡಿಸಿದ್ದಾರೆ. ನಿನ್ನೆ ಅದನ್ನ ಪೇಪರಲ್ಲಿ ಸುತ್ತಿ ಲೇತಿನವರ ಹತ್ತಿರ ಕೊಟ್ಟು ಬಂದೆ. ವಯಸ್ಸಾದವರು, ಬೆರಳು ಒಳಗಾಡಿಸಿ ಗೀರು ಮುಟ್ಟಿ ನೋಡಿದರು. "ಇನ್ನೊಂದು ಸೈಜ್ ತಡಕೊಳ್ಳುತ್ತೆ, ಪಿಸ್ಟನ್ ನೀವೇ ಹುಡುಕಿ ತರಬೇಕು" ಅಂದರು. ಅಮ್ಮ ಬೆಳಿಗ್ಗೆ ಕೇಳಿದರು, ಶುಕ್ರವಾರಕ್ಕೆ ಆಗುತ್ತಾ ಅಂತ. ಆಗಲ್ಲಮ್ಮ, ಬಸ್ಸಿಗೆ ಹೋಗೋಣ ಅಂದೆ.