ಮೋನೆಯ ಕಡಲತೀರದಲ್ಲಿ ಅಷ್ಟೊಂದು ಬೇಸರ ಇದೆಯಾ?

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆಯ ‘ಟ್ರೂವಿಲ್ ಕಡಲತೀರ’ ಚಿತ್ರವನ್ನು ಯಾರಾದರೂ ಆನ್‌ಲೈನಿನಲ್ಲಿ ಹಂಚಿಕೊಂಡರೆ ಸಾಕು, ಕೆಳಗೆ ‘ಎಂಥಾ ವಿಷಾದ!’ ಅಂತ ಒಬ್ಬರಾದರೂ ಬರೆದಿರುತ್ತಾರೆ. ಕಾರಣವೂ ರೆಡಿ ಇರುತ್ತದೆ. ಚಿತ್ರ ಬರೆದದ್ದು 1870ರ ಬೇಸಿಗೆಯಲ್ಲಿ, ಫ್ರಾನ್ಸಿನ ಕಡಲ ದಂಡೆಯ ಊರು ಟ್ರೂವಿಲ್‌ನಲ್ಲಿ. ಜುಲೈನಲ್ಲಿ ಫ್ರಾನ್ಸ್‌ಗೂ ಜರ್ಮನ್ ರಾಜ್ಯ ಪ್ರಷ್ಯಾಕ್ಕೂ ಯುದ್ಧ ಶುರುವಾಯಿತು, ಆಮೇಲೆ ಮೋನೆ ಲಂಡನ್ನಿಗೆ ಹೋದ. ಎಲ್ಲ ನಿಜವೇ. ಆದರೆ ಇಸವಿ ಗೊತ್ತಿಲ್ಲದೆ ನೋಡಿದರೂ ಅಷ್ಟು ಬೇಸರ ಕಾಣುತ್ತಾ? ನನಗಂತೂ ಕಾಣುವುದು ಗಾಳಿ, ಬಿಸಿಲು, ಬರೆಯುವವನ ಅವಸರ.

ಚಿತ್ರ ಚಿಕ್ಕದು, ಅಗಲ ಅರ್ಧ ಮೀಟರೂ ಇಲ್ಲ. ಎಡಕ್ಕೆ ಬಿಳಿ ಉಡುಪಿನಲ್ಲಿ ಹೆಂಡತಿ ಕಮೀಲ್. ಜೂನ್‌ನಲ್ಲಷ್ಟೇ ಮದುವೆಯಾಗಿತ್ತು. ಬಲಕ್ಕೆ ಕಪ್ಪು ಉಡುಪಿನಾಕೆ ಬಹುಶಃ ಚಿತ್ರಕಾರ ಬೂದಾಂನ ಹೆಂಡತಿ ಅನ್ನುತ್ತಾರೆ. (ಮೋನೆಗೆ ಹುಡುಗನಾಗಿದ್ದಾಗಲೇ ಬಯಲಲ್ಲಿ ಕೂತು ಬರೆಯುವ ಹುಚ್ಚು ಹಿಡಿಸಿದವನು ಇದೇ ಬೂದಾಂ.) ನಡುವೆ ಒಂದು ಖಾಲಿ ಕುರ್ಚಿ.

ಕಮೀಲ್ ಮುಖ ನೋಡಿ. ಕಣ್ಣು, ಮೂಗು ಸರಿಯಾಗಿ ಬಿಡಿಸಿಯೇ ಇಲ್ಲ. ನೆರಳಿನ ಬಣ್ಣ ಬಳಿದು ಬಿಟ್ಟಿದ್ದಾನೆ. ಅದೇ ಉಡುಪಿಗೆ ಬನ್ನಿ, ಬಿಸಿಲು ಬಿದ್ದ ಕಡೆ ಅಗಲ ಬ್ರಷ್ಷಿನಿಂದ ದಪ್ಪ ಬಿಳಿ ಎಳೆದಿದ್ದಾನೆ. ತಿದ್ದಿಲ್ಲ, ನುಣುಪು ಮಾಡಿಲ್ಲ. ಮುಖ ಅರ್ಧಕ್ಕೇ ಬಿಟ್ಟದ್ದಕ್ಕೇ ಆಕೆ ಏನೋ ಯೋಚಿಸುತ್ತಿರುವ ಹಾಗೆ ಅನ್ನಿಸುವುದು. ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ, ಆಮೇಲೆ ಅವನ ತಲೆಗೆ ಕಟ್ಟುತ್ತೇವೆ, ಅಲ್ವಾ?

ಇನ್ನು ಆ ಕಪ್ಪು ಉಡುಪು. ಬೆರಳಿನಿಂದ ಅದನ್ನು ಮುಚ್ಚಿ ನೋಡಿ. ಪಕ್ಕದ ಬಿಳಿಯ ಹೊಳಪು ಅರ್ಧ ಇಳಿದುಹೋಗುತ್ತದೆ. ಬಿಸಿಲು ಸುಡಬೇಕಾದರೆ ಪಕ್ಕದಲ್ಲಿ ಅಷ್ಟು ಕತ್ತಲು ಬೇಕೇ ಬೇಕು. ಅದನ್ನು ಶೋಕ ಅಂದರೆ ಹೇಗೆ?

ನನಗೆ ತುಂಬಾ ಇಷ್ಟವಾಗುವುದು ಮರಳು. ಈ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪರೀಕ್ಷೆ ಮಾಡಿದಾಗ ಬಣ್ಣದೊಳಗೇ ಮರಳಿನ ಕಣಗಳು ಸಿಕ್ಕಿವೆ. ಬಣ್ಣ ಹಸಿ ಇದ್ದಾಗ ಬಂದು ಅಂಟಿಕೊಂಡವು. ಅಂದರೆ ಕಡಲ ದಂಡೆಯಲ್ಲೇ ಕೂತು ಬರೆದದ್ದಕ್ಕೆ ಬೇರೆ ಸಾಕ್ಷಿ ಬೇಡ. ಹೀಗೆ ಹೊರಗೆ ಕೂತು ಬರೆಯಲು ಆದದ್ದಕ್ಕೆ ಬಣ್ಣ ತುಂಬಿಡುವ ತಗಡಿನ ಟ್ಯೂಬಿಗೂ ಥ್ಯಾಂಕ್ಸ್ ಹೇಳಬೇಕು. ಅದು ಬಂದದ್ದು 1841ರಲ್ಲಿ. ಅದಕ್ಕೆ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಅದನ್ನು ಹೊತ್ತುಕೊಂಡು ಬೀಚಿಗೆ ಹೋಗುವುದನ್ನು ಸುಮ್ನೆ ಊಹಿಸಿ!

ಅದೇ ಬೇಸಿಗೆ, ಅದೇ ಊರು, ಅದೇ ಮೋನೆ ಬರೆದ ರೋಷ್ ನ್ವಾರ್ ಹೋಟೆಲಿನ ಚಿತ್ರ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಕೆಂಪು ಬಣ್ಣದ ಕೆಲವೇ ಎಳೆತಗಳಲ್ಲಿ ಧ್ವಜ ಪಟಪಟ ಹಾರುತ್ತದೆ. ಆ ಚಿತ್ರ ಹಂಚಿಕೊಂಡಾಗ ಮಾತ್ರ ಕೆಳಗೆ ಯುದ್ಧದ ಮಾತು ಎತ್ತಿದವರನ್ನು ನಾನಿನ್ನೂ ಕಂಡಿಲ್ಲ.