ಕುಂಡದ ತಟ್ಟೆಗೆ 400 ರೂಪಾಯಿ, ತುರಿಕೆ ಉಚಿತ

ಮನೆಯಲ್ಲಿ ಸೊಳ್ಳೆ ಸಾಕುವವರಿಗೆ ಸರ್ಕಾರ ದಂಡದ ದರಪಟ್ಟಿ ಹೊರಡಿಸಿದ್ದು 2024ರಲ್ಲಿ, ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿದಾಗ. ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ಹಳ್ಳಿ ಸೊಳ್ಳೆಗೆ ಯಾಕೆ ಅರ್ಧ ಟಿಕೆಟ್ಟೋ ಗೊತ್ತಿಲ್ಲ. ಪೇಟೆಯ ಅಂಗಡಿ, ಹೋಟೆಲಿಗೆ 1,000. ಕಟ್ಟಡ ಏಳುತ್ತಿರುವ ಜಾಗಕ್ಕೂ ಖಾಲಿ ಸೈಟಿಗೂ 2,000. ರಾಜಕಾಲುವೆಗೆ ಎಷ್ಟು ಅಂತ ಮಾತ್ರ ಹುಡುಕಬೇಡಿ. ಅದಕ್ಕೆ ವೈಜ್ಞಾನಿಕ ಸಮರ್ಥನೆಯೂ ಉಂಟು: ಅಲ್ಲಿನ ಕೊಳಕು ನೀರಲ್ಲಿ ಹುಟ್ಟುವುದು ಕ್ಯೂಲೆಕ್ಸ್, ರಾತ್ರಿ ಪಾಳಿಯದು. ಡೆಂಗಿ ಹರಡುವ ಈಡಿಸ್ ಹಗಲು ಪಾಳಿಯದು, ಮಡಿವಂತ ಸೊಳ್ಳೆ, ತಿಳಿನೀರಲ್ಲದೆ ಮೊಟ್ಟೆ ಇಡಲು ಒಪ್ಪುವುದು ಕಮ್ಮಿ. ಆದ್ದರಿಂದ ಡೆಂಗಿ ಕೇಸಿನಲ್ಲಿ ಮೋರಿ ನಿರಪರಾಧಿ, ನಿಮ್ಮ ತುಳಸಿ ಕುಂಡದ ಕೆಳಗಿನ ತಟ್ಟೆ ಆರೋಪಿ. ತುರಿಕೆಯಂತೂ ಎರಡು ಪಾಳಿಯದೂ ಒಂದೇ.

ಕಟ್ಟಡಗಳ ಮೇಲೆ ಕರುಣೆ ಇರಬೇಕಾದದ್ದೇ. ಸ್ಲ್ಯಾಬ್ ಹಾಕಿದ ಮೇಲೆ ಸಿಮೆಂಟು ಬಲಿಯಲೆಂದು ಸುತ್ತ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಆ ಕ್ಯೂರಿಂಗಿಗೆ ಕನಿಷ್ಠ ಏಳು ದಿನ ಬೇಕು. ಈಡಿಸ್‌ನ ಮೊಟ್ಟೆ ರೆಕ್ಕೆ ಬಲಿತು ಹಾರಲು ಬೇಕಾದದ್ದೂ ಏಳರಿಂದ ಹತ್ತು ದಿನ. ಇಂಥ ಜಾತಕ ಹೊಂದಾಣಿಕೆ ಎಷ್ಟು ಮದುವೆಗಳಲ್ಲಿ ಸಿಗುತ್ತದೆ! ಲಿಫ್ಟಿಗೆಂದು ತೋಡಿದ ಗುಂಡಿಯ ನೀರಂತೂ ಗೃಹಪ್ರವೇಶದವರೆಗೆ ಅಲ್ಲೇ. ಕೋಟಿ ಬೆಲೆಯ ಫ್ಲಾಟಿನಲ್ಲಿ 2,000 ರೂಪಾಯಿಗೆ ಬಾಗಿಲ ಹಿಡಿಯೂ ಬರುವುದಿಲ್ಲ.

ಈ ಊರಿಗೆ ಇದು ಹೊಸದಲ್ಲ ಬಿಡಿ. ರೊನಾಲ್ಡ್ ರಾಸ್, ಮಲೇರಿಯಾ ಸೊಳ್ಳೆಯ ಗುಟ್ಟು ಬಿಡಿಸಿ 1902ರಲ್ಲಿ ನೊಬೆಲ್ ಪಡೆದವನು, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಎಳೆ ವೈದ್ಯ. ಅವನ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿ ಹೊರಗೆ ನೀರಿನ ಪೀಪಾಯಿ, ಅದರ ತುಂಬ ಮರಿಹುಳ. ಪೀಪಾಯಿ ಉರುಳಿಸಿದ, ಸೊಳ್ಳೆ ಇಳಿಯಿತು. ಅಧಿಕಾರಿಗಳ ಊಟದ ಮನೆಯ ಹತ್ತಿರದ ಹೂದಾನಿ, ಡಬ್ಬಗಳ ನೀರನ್ನೂ ಚೆಲ್ಲಿಸೋಣ ಎಂದು ದಂಡಿನ ಆಡಳಿತದ ಅಧಿಕಾರಿಗೆ ಹೇಳಿದರೆ ಅವನು ಒಪ್ಪಲಿಲ್ಲ. ಸೃಷ್ಟಿಕ್ರಮಕ್ಕೆ ಕೈಹಾಕಬಾರದು, ಏನೋ ಉದ್ದೇಶಕ್ಕೆ ಹುಟ್ಟಿದ ಸೊಳ್ಳೆಗಳನ್ನು ಸಹಿಸುವುದೇ ನಮ್ಮ ಧರ್ಮ ಎಂದನಂತೆ. ಆ ಪುಣ್ಯಾತ್ಮ ಬ್ರಿಟಿಷರ ಜೊತೆ ವಾಪಸು ಹೋದ ಎಂದು ನಂಬಲು ಮನಸ್ಸೇ ಬರುವುದಿಲ್ಲ. ಫೈಲುಗಳ ಮೇಲೆ ಇವತ್ತಿಗೂ ಅವನ ಅಕ್ಷರ ಕಾಣುತ್ತದೆ.

ಹಾಗಾಗಿ ಕಚ್ಚಿಸಿಕೊಂಡವರಿಗೆ ಉಳಿದಿರುವುದು ವಾಟ್ಸಾಪ್ ವೈದ್ಯರು. ಅವರ ಮೊದಲ ಮದ್ದು ಎಲೆಯಡಿಕೆ ಸುಣ್ಣ. ಇರುವೆ ಆಮ್ಲ ಚುಚ್ಚುತ್ತದೆ, ಆಮ್ಲಕ್ಕೆ ಕ್ಷಾರ ಮದ್ದು ಎಂಬ ಲೆಕ್ಕ ಅದು. ಸೊಳ್ಳೆ ಆಮ್ಲ ಚುಚ್ಚುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲಿ ಎಂದು ಜೊಲ್ಲು ಬಿಡುತ್ತದೆ. ಆ ಜೊಲ್ಲು ಕಂಡು ನಮ್ಮ ಮೈಯೇ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸಿ ರಂಪ ಮಾಡುವುದರಿಂದ ತುರಿಕೆ. ಸುಣ್ಣದ ಪಿಎಚ್ 12ರ ಮೇಲಿದೆ. ಹಚ್ಚಿದರೆ ತುರಿಕೆ ನಿಲ್ಲುವುದು ನಿಜ, ಚರ್ಮ ಸುಟ್ಟಮೇಲೆ ತುರಿಸಲು ಏನು ಉಳಿಯುತ್ತದೆ? ಎರಡನೆಯದು ನಿಂಬೆರಸ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು, ಆಮೇಲೆ ವಾರಗಟ್ಟಲೆ ಹೋಗದ ಕಂದು ಕಲೆ. ಟೂತ್‌ಪೇಸ್ಟು ತಣ್ಣಗೆನಿಸುವುದು ಮೆಂಥಾಲಿನಿಂದ. ಎಳೆಯ ಚರ್ಮಕ್ಕೆ ಅದೇ ಉರಿ. ಬಿಸಿ ಚಮಚದಲ್ಲಿ ಸತ್ಯಾಂಶವಿದೆ, 50 ಡಿಗ್ರಿ ಆಸುಪಾಸಿನ ಶಾಖ ಕೆಲವೇ ಸೆಕೆಂಡು ತಾಗಿದರೆ ತುರಿಕೆ ಇಳಿಯುತ್ತದೆ. ಆದರೆ ಅಡುಗೆಮನೆ ಚಮಚಕ್ಕೆ ಥರ್ಮಾಮೀಟರು ಕಟ್ಟಿರುವುದಿಲ್ಲ. ಬೆಳ್ಳುಳ್ಳಿ ತಿಂದರೆ ಹತ್ತಿರ ಬರದಿರುವವರು ಸಹೋದ್ಯೋಗಿಗಳು, ಸೊಳ್ಳೆಗಳಲ್ಲ. ಕರ್ಪೂರ ಅರೆದು ಕೂಸಿನ ಮೈಗೆ ಹಚ್ಚಿ ಎನ್ನುವವರನ್ನಂತೂ ಗ್ರೂಪಿನಿಂದ ತೆಗೆದುಹಾಕಿ, ಕರ್ಪೂರದಿಂದ ಕೂಸಿಗೆ ಫಿಟ್ಸ್ ಬರಬಹುದು.

ಕೆಲಸಕ್ಕೆ ಬರುವ ಮದ್ದಿಗೆ ಫಾರ್ವರ್ಡ್ ಆಗುವ ಯೋಗವಿಲ್ಲ, ಅಷ್ಟು ಸಪ್ಪೆ. ಸೋಪು ನೀರಲ್ಲಿ ತೊಳೆಯುವುದು. ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ. ಒಂದು ದೊಡ್ಡ ಚಮಚ ಅಡುಗೆ ಸೋಡಾಕ್ಕೆ ಇಡ್ಲಿ ಹಿಟ್ಟಿನ ಹದ ಬರುವಷ್ಟೇ ನೀರು, ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯಬೇಕು, ಕೆರೆದು ಗಾಯವಾದಲ್ಲಿ ಬೇಡ. ಲೋಳೆಸರವಾದರೆ ಕೊಯ್ದ ಎಲೆಯನ್ನು ನೆಟ್ಟಗೆ ನಿಲ್ಲಿಸಿ ಹಳದಿ ಸೊನೆ ಪೂರ್ತಿ ಸುರಿದುಹೋಗಲು ಬಿಡಿ, ಆ ಸೊನೆಯೇ ತುರಿಕೆ ತರುತ್ತದೆ. ಅಂಗಡಿಯ ಗುಲಾಬಿ ಬಣ್ಣದ ಕ್ಯಾಲಮೈನ್ ಇವೆಲ್ಲಕ್ಕಿಂತ ಸುಲಭ. ಕಚ್ಚದಂತೆ ತಡೆಯಲು ಫ್ಯಾನು ಜೋರಾಗಿ ಹಾಕಿ, ಸೊಳ್ಳೆಗೆ ಆ ಗಾಳಿಯಲ್ಲಿ ಹಾರುವ ತಾಕತ್ತಿಲ್ಲ. ಕರೆಂಟು ಇದ್ದರೆ ಎಂಬುದು ಬೇರೆ ಇಲಾಖೆಯ ವಿಷಯ.

ಕುಂಡದ ತಟ್ಟೆಯನ್ನೂ ಬಿಡಬೇಡಿ. ಬರೀ ನೀರು ಚೆಲ್ಲಿದರೆ ಸಾಲದು. ನೀರಿನ ಗೆರೆಯ ಮೇಲೆ ಮಸಿ ಚುಕ್ಕೆಯಂತೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ಮುಟ್ಟಿದರೆ ಒಡೆಯುತ್ತವೆ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಗಸಗಸ ಉಜ್ಜಿ ಬೋರಲು ಹಾಕಬೇಕು. ಫ್ರಿಜ್ಜಿನ ಹಿಂದಿನ ಟ್ರೇ ಕೂಡ.

ಜನ ಇದನ್ನೆಲ್ಲ ಮಾಡಿಯಾರು. ಮಾಡುತ್ತಲೂ ಇದ್ದಾರೆ. ಡ್ರಮ್ಮಿನಲ್ಲಿ ನೀರು ಹಿಡಿದಿಡುವುದು ಸೊಳ್ಳೆ ಸಾಕುವ ಶೋಕಿಗಲ್ಲ, ನಲ್ಲಿಯಲ್ಲಿ ದಿನಾ ನೀರು ಬರುವುದಿಲ್ಲ ಅಂತ. ನೀರು ಬಿಡದವರೇ ಬಂದು ನೀರು ತುಂಬಿಟ್ಟಿದ್ದಕ್ಕೆ ರಸೀದಿ ಹರಿಯುವುದು ನಾಚಿಕೆಗೇಡು. ಡೆಂಗಿ ವೈರಾಣುವಿಗೆ ಮದ್ದಿಲ್ಲ, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಕು, ಬೇರೆ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವದ ಭಯ. ಮಗುವಿನ ಪಕ್ಕ ಕೂತು ಪ್ಲೇಟ್‌ಲೆಟ್ ಎಣಿಸುವವರ ಹತ್ತಿರ ಹೋಗಿ ತಟ್ಟೆಯ ಮಾತಾಡಲು ಯಾರಿಗೆ ಬಾಯಿ ಬರುತ್ತದೆ?

ಇರಲಿ. ಬೀದಿ ತುದಿಯಲ್ಲಿ ಫಾಗಿಂಗ್ ಮೆಷಿನ್ನಿನ ಸದ್ದು. ಡೀಸೆಲ್ಲಿನಲ್ಲಿ ಬೆರೆಸಿದ ಔಷಧಿಯ ಆ ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿದ್ದ ಸೊಳ್ಳೆ ಮಾತ್ರ, ನೀರಿನ ಮರಿಹುಳಕ್ಕೆ ಅದು ಬರೀ ಮೋಡ. ಈಡಿಸ್ ಇರುವುದೋ ಮಂಚದಡಿ, ಪರದೆ ಹಿಂದೆ. ಅದಕ್ಕೆ ಹೊಗೆ ತಾಗಬೇಕಾದರೆ ಅನ್ನ, ನೀರು ಮುಚ್ಚಿಟ್ಟು ಕಿಟಕಿ ತೆರೆದಿಡಬೇಕು. ಆದರೆ ಮೆಷಿನ್ನು ಹತ್ತಿರ ಬಂದಂತೆ ಬೀದಿಯುದ್ದಕ್ಕೂ ಕಿಟಕಿಗಳು ದಬದಬ ಮುಚ್ಚಿಕೊಳ್ಳುತ್ತವೆ. ಪಾಪ, ಒಳಗಿರುವ ಸೊಳ್ಳೆಗಳಿಗೆ ಕೆಮ್ಮು ಬಂದೀತು.