ಯುದ್ಧ ಸೋತವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು

ಎಲ್ಲಾದರೂ ಯುದ್ಧದ ಸುದ್ದಿ ಬಂದಾಗಲೆಲ್ಲ ನನ್ನ ಟೈಮ್‌ಲೈನ್‌ನಲ್ಲಿ ಒಂದು ಮಾತು ಓಡಾಡುತ್ತದೆ. ಸೋತವನು ಇನ್ನು ನೂರು ವರ್ಷ ತಲೆ ಎತ್ತಬಾರದು, ಹಾಗೆ ತುಳಿಯಬೇಕು, ಆಗಲೇ ಶಾಂತಿ. ಸಿಟ್ಟಿನಲ್ಲಿ ಬರುವ ಮಾತು, ಅರ್ಥವಾಗುತ್ತದೆ. ಆದರೆ ಇದನ್ನು ಮಾಡಿ ನೋಡಿದ್ದಾರೆ. 1919ರಲ್ಲಿ ಜರ್ಮನಿಯ ಮೇಲೆ ಮಾಡಿದರು. ಇಪ್ಪತ್ತು ವರ್ಷಕ್ಕೆ ಮತ್ತೆ ಯುದ್ಧ ಬಂತು, ಮೊದಲಿನದಕ್ಕಿಂತ ಎಷ್ಟೋ ಪಟ್ಟು ಘೋರವಾಗಿ.

ಹೈಸ್ಕೂಲಿನಲ್ಲಿ ನಾವೆಲ್ಲ ಬರೆದ ಉತ್ತರ ಅಲ್ವಾ ಇದು? ಎರಡನೇ ಮಹಾಯುದ್ಧಕ್ಕೆ ಕಾರಣಗಳೇನು? ಮೊದಲನೆಯದು ವರ್ಸೇಲ್ಸ್ ಒಪ್ಪಂದ, ಮೊದಲ ಮಹಾಯುದ್ಧ ಸೋತ ಜರ್ಮನಿಯ ಮೇಲೆ ಗೆದ್ದವರು 1919ರಲ್ಲಿ ಹೇರಿದ್ದು. ಒಂದು ಅಂಕ ಬಂತು, ಮುಂದಿನ ಕಾರಣಕ್ಕೆ ಹೋದೆವು. ಆ ಉತ್ತರ ತಪ್ಪೇನಲ್ಲ. ಆದರೆ ಒಪ್ಪಂದ ಕಠಿಣವಾಗಿತ್ತು ಅಂತ ಹೇಳಿ ನಿಲ್ಲಿಸಿದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ಆ ಕಠಿಣ ಷರತ್ತುಗಳು ಯಾರ ತಲೆಯ ಮೇಲೆ ಬಿದ್ದವು? ಯುದ್ಧ ಶುರು ಮಾಡಿದವರ, ಯುದ್ಧ ಸೋತವರ ತಲೆಯ ಮೇಲೆ ಬೀಳಲೇ ಇಲ್ಲ. ಆಗಷ್ಟೇ ಹುಟ್ಟಿದ ಒಂದು ಪ್ರಜಾಪ್ರಭುತ್ವದ ತಲೆಯ ಮೇಲೆ ಬಿದ್ದವು. ನನಗೆ ಈ ಇತಿಹಾಸದಲ್ಲಿ ಅತ್ಯಂತ ಸಂಕಟ ಕೊಡುವ ಭಾಗ ಇದೇ.

1918ರಲ್ಲಿ ಜರ್ಮನಿಯನ್ನು ನಿಜವಾಗಿ ಆಳುತ್ತಿದ್ದವರು ಇಬ್ಬರು ಸೇನಾನಾಯಕರು, ಹಿಂಡೆನ್‌ಬರ್ಗ್ ಮತ್ತು ಲುಡೆನ್‌ಡಾರ್ಫ್. ಸೆಪ್ಟೆಂಬರ್ 29ರಂದು ಲುಡೆನ್‌ಡಾರ್ಫ್ ಕೈಚೆಲ್ಲಿದ. ಇನ್ನು ಆಗುವುದಿಲ್ಲ, ತಕ್ಷಣ ಕದನವಿರಾಮ ಕೇಳಬೇಕು ಅಂತ ಚಕ್ರವರ್ತಿಗೆ ಹೇಳಿದ. ಅದರ ಜೊತೆಗೇ ಇನ್ನೊಂದು ಲೆಕ್ಕವೂ ಇತ್ತು. ಸಂಸತ್ತಿನ ಪಕ್ಷಗಳನ್ನು ಈಗ ಸರ್ಕಾರಕ್ಕೆ ಸೇರಿಸಿಕೊಳ್ಳೋಣ, ಸಂಧಾನ ಅವರೇ ಮಾಡಲಿ, ಅದರ ಫಲವನ್ನೂ ಅವರೇ ಉಣ್ಣಲಿ. ತನ್ನ ಅಧಿಕಾರಿಗಳ ಮುಂದೆ ಅವನು ಇದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡ.

ಹಾಗೇ ಆಯಿತು. ನವೆಂಬರ್ 11ರಂದು ಫ್ರಾನ್ಸಿನ ಕೊಂಪಿಯೆನ್ ಕಾಡಿನಲ್ಲಿ, ಒಂದು ರೈಲು ಬೋಗಿಯಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಜರ್ಮನ್ ನಿಯೋಗದ ಮುಖ್ಯಸ್ಥ ಸೇನಾನಾಯಕನಲ್ಲ, ಮಥಿಯಾಸ್ ಎರ್ಜ್‌ಬರ್ಗರ್ ಎಂಬ ರಾಜಕಾರಣಿ. 1917ರಲ್ಲೇ ಸಂಧಾನ ಮಾಡಿಕೊಳ್ಳೋಣ ಎಂದು ಸಂಸತ್ತಿನಲ್ಲಿ ಗೊತ್ತುವಳಿ ತಂದವನು. ಯುದ್ಧ ಬೇಡ ಅಂದವನೇ ಸೋಲಿಗೆ ಸಹಿ ಹಾಕಬೇಕಾಯಿತು. 1921ರ ಆಗಸ್ಟ್‌ನಲ್ಲಿ ಅತಿ ಬಲಪಂಥೀಯ ಗುಪ್ತ ಸಂಘಟನೆಯೊಂದರ ಇಬ್ಬರು, ಅವನು ವಾಕಿಂಗ್ ಹೋಗಿದ್ದಾಗ ಗುಂಡಿಟ್ಟು ಕೊಂದರು. ಕೊಂದವರು ದೇಶ ಬಿಟ್ಟು ಓಡಿಹೋಗಿದ್ದರು. 1933ರಲ್ಲಿ ಹಿಟ್ಲರ್ ಸರ್ಕಾರ ಅವರಿಗೆ ಕ್ಷಮಾದಾನ ಕೊಟ್ಟಿತು.

ಇನ್ನು ವರ್ಸೇಲ್ಸ್. 1919ರ ಮೇ 7ರಂದು ಷರತ್ತುಗಳ ಕಟ್ಟನ್ನು ಜರ್ಮನ್ನರ ಕೈಗಿಟ್ಟರು. ಎದುರು ಕೂತು ಮಾತುಕತೆ ಇಲ್ಲ, ಹೇಳುವುದಿದ್ದರೆ ಬರೆದು ಕೊಡಿ ಎಂದರು. ಚಾನ್ಸಲರ್ ಶೈಡ್‌ಮನ್ ಇದಕ್ಕೆ ಒಪ್ಪಲಾರದೆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟ. ಗಡುವು ಹತ್ತಿರ ಬಂದಾಗ ಅಧ್ಯಕ್ಷ ಎಬರ್ಟ್ ಸೇನೆಯನ್ನು ಕೇಳಿದ: ಸಹಿ ಹಾಕದಿದ್ದರೆ ಮತ್ತೆ ಯುದ್ಧ, ನಿಮ್ಮಿಂದ ತಡೆಯಲು ಆಗುತ್ತದಾ? ಆಗುವುದಿಲ್ಲ ಅನ್ನೋದು ಹಿಂಡೆನ್‌ಬರ್ಗ್‌ಗೂ ಗೊತ್ತಿತ್ತು. ಆದರೆ ಆ ಮಾತು ಅವನ ಬಾಯಿಂದ ಬರಲಿಲ್ಲ. ಅವನು ಕೋಣೆಯಿಂದ ಹೊರಗೆ ಹೋದ. ಅವನ ಕೈಕೆಳಗಿನ ಗ್ರೋನರ್ ಫೋನ್‌ನಲ್ಲಿ ಉತ್ತರ ಕೊಟ್ಟ. ಜೂನ್ 28ರಂದು ವರ್ಸೇಲ್ಸ್ ಅರಮನೆಯ ಕನ್ನಡಿ ಮಂಟಪದಲ್ಲಿ ಸಹಿ ಹಾಕಿದವರು ಹರ್ಮನ್ ಮುಲ್ಲರ್ ಮತ್ತು ಯೊಹಾನೆಸ್ ಬೆಲ್, ಇಬ್ಬರೂ ಪ್ರಜಾಪ್ರಭುತ್ವದ ಪಕ್ಷಗಳವರು. 1871ರಲ್ಲಿ ಫ್ರಾನ್ಸನ್ನು ಸೋಲಿಸಿ ಜರ್ಮನ್ ಸಾಮ್ರಾಜ್ಯ ಘೋಷಿಸಿದ್ದು ಅದೇ ಮಂಟಪದಲ್ಲಿ. ಫ್ರಾನ್ಸ್ ಜಾಗವನ್ನು ಬೇಕೆಂದೇ ಆರಿಸಿತ್ತು.

ಕೆಲವೇ ತಿಂಗಳಲ್ಲಿ, ಆ ವರ್ಷದ ನವೆಂಬರ್‌ನಲ್ಲಿ, ಇದೇ ಹಿಂಡೆನ್‌ಬರ್ಗ್ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಬಂದು ಹೇಳಿದ್ದೇನು? ಸೇನೆ ಸೋತಿರಲಿಲ್ಲ, ಬೆನ್ನಿಗೆ ಚೂರಿ ಹಾಕಿದರು. ಸುಳ್ಳು ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. 1925ರಲ್ಲಿ ಜನ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. 1933ರ ಜನವರಿ 30ರಂದು ಹಿಟ್ಲರ್‌ನನ್ನು ಚಾನ್ಸಲರ್ ಮಾಡಿದ್ದೂ ಅವನೇ.

ಮನೆ ಹಾಳುಮಾಡಿದ ಯಜಮಾನ ಬೀಗದಕೈ ಮಗನ ಕೈಗಿಟ್ಟು ಹೊರಟುಹೋದ, ಸಾಲ ಕೊಟ್ಟವರು ಬಂದು ಮಗನ ಕೊರಳಪಟ್ಟಿ ಹಿಡಿದರು. ಜೊತೆಗೆ ಅಪ್ಪ ಊರೆಲ್ಲ ಹೇಳಿಕೊಂಡು ಬಂದ, ಮನೆ ಹಾಳುಮಾಡಿದವನು ನನ್ನ ಮಗ ಅಂತ. ಚಕ್ರವರ್ತಿ ಹೋದ ಮೇಲೆ ಹುಟ್ಟಿದ ಆ ಪ್ರಜಾಪ್ರಭುತ್ವದ, ಅಂದರೆ ವೈಮಾರ್ ಗಣರಾಜ್ಯದ ಸ್ಥಿತಿ ಇದು.

ಷರತ್ತುಗಳನ್ನೂ ನೋಡಬೇಕು. ಜರ್ಮನಿ ತನ್ನ ಸುಮಾರು 13% ಭೂಮಿ, 10% ಜನಸಂಖ್ಯೆ, ಎಲ್ಲ ವಸಾಹತುಗಳನ್ನು ಕಳೆದುಕೊಂಡಿತು. ಸೇನೆ 1,00,000 ಮೀರುವಂತಿಲ್ಲ. ವಾಯುಪಡೆ ಇಲ್ಲ, ಟ್ಯಾಂಕ್ ಇಲ್ಲ, ಜಲಾಂತರ್ಗಾಮಿ ಇಲ್ಲ. 231ನೇ ವಿಧಿ ಯುದ್ಧದಿಂದಾದ ಎಲ್ಲ ನಷ್ಟದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಪರಿಹಾರ ಎಷ್ಟು ಅನ್ನೋದನ್ನು ಆಗ ಬರೆಯಲೇ ಇಲ್ಲ. 1921ರಲ್ಲಿ ನಿಗದಿ ಮಾಡಿದ್ದು 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ ನಿಜವಾಗಿ ವಸೂಲಿಗೆ ಇಟ್ಟಿದ್ದು ಸುಮಾರು 5,000 ಕೋಟಿ, ಉಳಿದದ್ದು ಗೆದ್ದ ದೇಶಗಳ ಮತದಾರರನ್ನು ಸಮಾಧಾನ ಮಾಡಲು ಬರೆದ ಅಂಕಿ. ಆದರೆ ಜರ್ಮನಿಯ ಬೀದಿಯಲ್ಲಿ ಭಾಷಣ ಮಾಡುವವನಿಗೆ ಆ ದೊಡ್ಡ ಅಂಕಿ ಸಾಕಿತ್ತು. ಗುಂಡಿನ ಸದ್ದು ನಿಂತ ಮೇಲೂ ಬ್ರಿಟನ್‌ನ ಸಮುದ್ರ ದಿಗ್ಬಂಧನ 1919ರ ಜುಲೈವರೆಗೆ ಪೂರ್ತಿ ತೆರವಾಗಲಿಲ್ಲ. ಮಕ್ಕಳಿಗೆ ಊಟವಿಲ್ಲದ ಆ ಚಳಿಗಾಲವನ್ನು ಅಲ್ಲಿಯ ತಾಯಂದಿರು ಮರೆಯಲು ಸಾಧ್ಯವೇ ಇರಲಿಲ್ಲ.

ಫ್ರಾನ್ಸಿನ ಸಿಟ್ಟು ಸುಳ್ಳಾಗಿರಲಿಲ್ಲ, ಅದನ್ನೂ ಹೇಳಲೇಬೇಕು. ಅದರ 13 ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತಿದ್ದರು. ಉತ್ತರದ ಊರುಗಳು ನೆಲಸಮವಾಗಿದ್ದವು. ಜರ್ಮನ್ ಸೇನೆ ಹಿಂದೆ ಸರಿಯುವಾಗ ಕಲ್ಲಿದ್ದಲು ಗಣಿಗಳಿಗೆ ನೀರು ತುಂಬಿಸಿ ಹೋಗಿತ್ತು. ಜರ್ಮನಿಯೂ ಗೆದ್ದಾಗ ದಯೆ ತೋರಿಸಿದ ದೇಶವಲ್ಲ. 1918ರ ಮಾರ್ಚ್‌ನಲ್ಲಿ ಬ್ರೆಸ್ಟ್ ಲಿಟೋವ್‌ಸ್ಕ್‌ನಲ್ಲಿ ರಷ್ಯಾದ ಮೇಲೆ ಅದು ಹೇರಿದ ಒಪ್ಪಂದ ವರ್ಸೇಲ್ಸ್‌ಗಿಂತ ಕ್ರೂರ.

ನಮಗೂ ಇದರಲ್ಲಿ ಒಂದು ಪಾಲಿದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲ್‌ನಲ್ಲಿರುವ ಹೈಫಾ ಊರನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲೂ ಸಹಿ ಇದೆ, ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರ್ ಮಹಾರಾಜ ಗಂಗಾ ಸಿಂಗ್. ಜಲಿಯನ್‌ವಾಲಾ ಬಾಗ್ ಆಗಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಪ್ಯಾರಿಸ್‌ನಲ್ಲಿ ಜನಾಂಗಗಳ ಸ್ವಯಂ ನಿರ್ಣಯದ ಮಾತಾಡಿದವರಿಗೆ ಅಮೃತಸರ ಕಾಣಲಿಲ್ಲ.

ಜರ್ಮನಿಗೆ ವಾಪಸ್ ಬರೋಣ. 1919ರ ಜನವರಿ ಚುನಾವಣೆಯಲ್ಲಿ ಗಣರಾಜ್ಯ ಬೇಕು ಎಂದ ಮೂರು ಪಕ್ಷಗಳಿಗೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ವೋಟು ಬಿದ್ದಿತ್ತು. 1920ರ ಜೂನ್ ಚುನಾವಣೆಯಲ್ಲಿ ಆ ಪಕ್ಷಗಳು ಅರ್ಧಕ್ಕಿಂತ ಕೆಳಗಿಳಿದವು. ಮತ್ತೆಂದೂ ಬಹುಮತ ಸಿಗಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಬೀದಿಯ ರಕ್ತಪಾತ, ನಿರುದ್ಯೋಗ, ಬೆಲೆ ಏರಿಕೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಕಳಂಕ ಎಲ್ಲದಕ್ಕಿಂತ ಆಳಕ್ಕೆ ಇಳಿಯಿತು ಎಂದು ನಾನು ನಂಬುತ್ತೇನೆ.

1923ರ ಜನವರಿಯಲ್ಲಿ, ಯುದ್ಧ ಪರಿಹಾರದ ಕಂತು ಸರಿಯಾಗಿ ಬಂದಿಲ್ಲ ಎಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆ ರೂರ್ ಪ್ರದೇಶಕ್ಕೆ ನುಗ್ಗಿತು. ಜರ್ಮನಿಯ ಕಲ್ಲಿದ್ದಲು, ಉಕ್ಕು ಹೆಚ್ಚಿನದು ಇದ್ದದ್ದು ಅಲ್ಲಿ. ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಿಗೆ ಕೂಲಿ ಕೊಡಲು ಸರ್ಕಾರ ನೋಟು ಅಚ್ಚು ಹಾಕಿತು. ಯುದ್ಧದ ಸಾಲದ ಕಾಲದಿಂದಲೂ ಅಚ್ಚು ಹಾಕುತ್ತಲೇ ಇತ್ತು, ಈಗ ಕಟ್ಟೆ ಒಡೆಯಿತು. ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಮೇಷ್ಟ್ರು, ಗುಮಾಸ್ತ, ಪಿಂಚಣಿ ನಂಬಿದ್ದ ವಿಧವೆ, ಇವರ ಜೀವಮಾನದ ಉಳಿತಾಯಕ್ಕೆ ಒಂದು ತುಂಡು ಬ್ರೆಡ್ ಬರುತ್ತಿರಲಿಲ್ಲ. ಸಾಲ ಮಾಡಿ ಆಸ್ತಿ ಕೊಂಡಿದ್ದವರು ಮಾತ್ರ ಉಳಿದುಕೊಂಡರು. ಮಿತವಾಗಿ, ನಿಯತ್ತಾಗಿ ಬದುಕಿದವರಿಗೇ ಶಿಕ್ಷೆಯಾದರೆ ಅವರು ಯಾವ ವ್ಯವಸ್ಥೆಯನ್ನು ನಂಬಬೇಕು? ಅದೇ ನವೆಂಬರ್‌ನಲ್ಲಿ ಮ್ಯೂನಿಕ್‌ನ ಬಿಯರ್ ಹಾಲ್‌ನಲ್ಲಿ ಹಿಟ್ಲರ್ ದಂಗೆಗೆ ಯತ್ನಿಸಿದ. ಪಕ್ಕದಲ್ಲಿ ಲುಡೆನ್‌ಡಾರ್ಫ್ ಇದ್ದ. ಅವನು ಖುಲಾಸೆಯಾದ, ಹಿಟ್ಲರ್ ಶಿಕ್ಷೆಯಾದ ಒಂದು ವರ್ಷದೊಳಗೆ ಜೈಲಿನಿಂದ ಹೊರಬಂದ.

ಆದರೆ ಇಲ್ಲಿಂದ ನೇರವಾಗಿ 1933ಕ್ಕೆ ಜಿಗಿಯಬಾರದು. ನಡುವೆ ಕೆಲವು ಒಳ್ಳೆಯ ವರ್ಷಗಳಿದ್ದವು. 1924ರ ಡಾಸ್ ಯೋಜನೆ ಕಂತುಗಳನ್ನು ಹಗುರ ಮಾಡಿತು. ವಿದೇಶಾಂಗ ಮಂತ್ರಿ ಸ್ಟ್ರೆಸ್‌ಮನ್ ಫ್ರಾನ್ಸಿನ ಬ್ರಿಯಾಂಡ್ ಜೊತೆ ಕೂತು ಪಶ್ಚಿಮದ ಗಡಿಗಳನ್ನು ಒಪ್ಪಿಕೊಳ್ಳುವ ಲೊಕಾರ್ನೊ ಒಪ್ಪಂದ ಮಾಡಿಕೊಂಡ. 1926ರಲ್ಲಿ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1928ರ ಚುನಾವಣೆಯಲ್ಲಿ ಹಿಟ್ಲರ್‌ನ ನಾಜಿ ಪಕ್ಷಕ್ಕೆ ಸಿಕ್ಕಿದ್ದು 2.6% ವೋಟು. ಹಾಗಾದರೆ ವರ್ಸೇಲ್ಸ್‌ನಿಂದ ಹಿಟ್ಲರ್ ಬಂದೇ ಬರುತ್ತಾನೆ ಅಂತ ವಿಧಿ ಬರೆದಿರಲಿಲ್ಲ. ಸ್ವಲ್ಪ ಗಾಳಿ ಬೆಳಕು ಸಿಕ್ಕರೆ ಗಾಯ ಮಾಯುತ್ತಿತ್ತು.

ಆಮೇಲೆ 1929 ಬಂತು. ಅಕ್ಟೋಬರ್ 3ಕ್ಕೆ ಸ್ಟ್ರೆಸ್‌ಮನ್ ಸತ್ತ, ಆ ತಿಂಗಳ ಕೊನೆಗೆ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಹೊಸ ಯಂಗ್ ಯೋಜನೆ ಒಟ್ಟು ಮೊತ್ತವನ್ನೇನೋ ಇಳಿಸಿತು, ಆದರೆ ಕಂತುಗಳು 1988ರವರೆಗೆ ಎಂದಿತು. ಇನ್ನೂ ಹುಟ್ಟದ ಮೊಮ್ಮಕ್ಕಳ ಮೇಲೂ ಸಾಲ! ಇದರ ವಿರುದ್ಧ ಬಲಪಂಥೀಯರು ಜನಮತಗಣನೆ ಮಾಡಿಸಿದರು. ಅದು ಸೋತಿತು, ಆದರೆ ಪತ್ರಿಕೆಗಳ ಒಡೆಯ ಹ್ಯೂಗನ್‌ಬರ್ಗ್‌ನ ಜೊತೆ ಸೇರಿದ ಹಿಟ್ಲರ್‌ನ ಹೆಸರು ದೇಶದ ಮೂಲೆಮೂಲೆಗೆ ಹೋಯಿತು. 1930ರ ಸೆಪ್ಟೆಂಬರ್‌ನಲ್ಲಿ ನಾಜಿಗಳಿಗೆ 18.3% ವೋಟು. 1932ರ ಜುಲೈನಲ್ಲಿ 37.3%. ಆ ವರ್ಷ ನಿರುದ್ಯೋಗಿಗಳು 60 ಲಕ್ಷ.

ಚಾನ್ಸಲರ್ ಬ್ರೂನಿಂಗ್ ಸಂಬಳ ಕಡಿದ, ನಿರುದ್ಯೋಗ ಭತ್ಯೆ ಕಡಿದ, ತೆರಿಗೆ ಏರಿಸಿದ. ನಾವು ಎಷ್ಟು ಹೊಟ್ಟೆ ಕಟ್ಟಿದರೂ ಪರಿಹಾರ ಕಟ್ಟಲಾಗದು ಎಂದು ಜಗತ್ತಿಗೆ ತೋರಿಸುವ ಆಲೋಚನೆಯೂ ಅದರ ಹಿಂದಿತ್ತು. 1931ರಲ್ಲಿ ಆಸ್ಟ್ರಿಯಾ ಜೊತೆ ಬರೀ ಸುಂಕದ ಒಕ್ಕೂಟ ಮಾಡಿಕೊಳ್ಳಲು ಹೊರಟರೆ ಫ್ರಾನ್ಸ್ ಅಡ್ಡ ನಿಂತಿತು, ಹೇಗ್ ನ್ಯಾಯಾಲಯವೂ ಆಗದು ಎಂದಿತು. 1932ರ ಮೇ ಕೊನೆಗೆ ಬ್ರೂನಿಂಗ್‌ನನ್ನು ಹಿಂಡೆನ್‌ಬರ್ಗ್ ಇಳಿಸಿದ. ಆರು ವಾರ ಕಳೆದಿತ್ತಷ್ಟೆ, ಲೌಸಾನ್ ಸಮ್ಮೇಳನದಲ್ಲಿ ಯುದ್ಧ ಪರಿಹಾರವನ್ನು ಹೆಚ್ಚುಕಡಿಮೆ ಪೂರ್ತಿ ಕೈಬಿಡಲು ಎಲ್ಲರೂ ಒಪ್ಪಿದರು. ಎರಡು ವರ್ಷ ಮೊದಲೇ ಒಪ್ಪಿದ್ದರೆ?

ಮುಂದಿನದು ಇನ್ನೂ ನೋವಿನದು. ಮಾತುಕತೆಗೆ ಬಂದವರಿಗೆ ಕೊಡದೇ ಇದ್ದದ್ದನ್ನೆಲ್ಲ ಬೆದರಿಸಿದವನಿಗೆ ಕೊಟ್ಟರು. 1935ರಲ್ಲಿ ಹಿಟ್ಲರ್ ಕಡ್ಡಾಯ ಸೇನಾಭರ್ತಿ ಘೋಷಿಸಿದ, ಬ್ರಿಟನ್ ಅವನ ಜೊತೆ ನೌಕಾ ಒಪ್ಪಂದ ಮಾಡಿಕೊಂಡಿತು. 1936ರಲ್ಲಿ, ವರ್ಸೇಲ್ಸ್ ಒಪ್ಪಂದ ಸೇನೆ ಇಡಬಾರದು ಎಂದಿದ್ದ ರೈನ್‌ಲ್ಯಾಂಡ್‌ಗೆ ಸೇನೆ ಕಳಿಸಿದ, ಯಾರೂ ತಡೆಯಲಿಲ್ಲ. 1938ರ ಮಾರ್ಚ್‌ನಲ್ಲಿ ಇಡೀ ಆಸ್ಟ್ರಿಯಾವನ್ನೇ ನುಂಗಿದ. ಏಳು ವರ್ಷದ ಹಿಂದೆ ಅದೇ ಆಸ್ಟ್ರಿಯಾ ಜೊತೆ ಸುಂಕದ ಒಪ್ಪಂದವೂ ಕೂಡದು ಎಂದಿದ್ದರಲ್ಲ! ಒಬ್ಬ ಸಾಮಾನ್ಯ ಜರ್ಮನ್ ಇದರಿಂದ ಏನು ಕಲಿತಿರಬಹುದು, ಯೋಚಿಸಿ. ಸ್ಟ್ರೆಸ್‌ಮನ್ ದಾರಿಯಲ್ಲಿ ಹೋದರೆ ಚೂರುಪಾರು, ಹಿಟ್ಲರ್ ದಾರಿಯಲ್ಲಿ ಹೋದರೆ ಎಲ್ಲ. 1940ರ ಜೂನ್‌ನಲ್ಲಿ, ಸೋತ ಫ್ರಾನ್ಸಿನ ಕೈಯಲ್ಲಿ ಕದನವಿರಾಮಕ್ಕೆ ಸಹಿ ಹಾಕಿಸಲು ಅವನು ಅದೇ ಕೊಂಪಿಯೆನ್ ಕಾಡಿಗೆ ಹೋದ, ಅದೇ ರೈಲು ಬೋಗಿಯನ್ನು ಮ್ಯೂಸಿಯಂನಿಂದ ಹೊರಗೆ ತರಿಸಿದ.

ಇಷ್ಟೆಲ್ಲ ಹೇಳಿದರೆ ಕೆಲವರು ಕೇಳುತ್ತಾರೆ: 1945ರಲ್ಲಿ ಜರ್ಮನಿಗೆ ಇನ್ನೂ ಕಠಿಣ ಶಿಕ್ಷೆ ಆಯ್ತಲ್ಲ, ಆಗ ಯಾಕೆ ಇನ್ನೊಬ್ಬ ಹಿಟ್ಲರ್ ಹುಟ್ಟಲಿಲ್ಲ? ಸರಿಯಾದ ಪ್ರಶ್ನೆ. ದೇಶವೇ ಎರಡು ಹೋಳಾಯಿತು, ಪೂರ್ವದ ಭೂಮಿ ಹೋಯಿತು, ಸುಮಾರು 1.2 ಕೋಟಿ ಜರ್ಮನ್ನರು ಮನೆಮಠ ಬಿಟ್ಟು ಬರಬೇಕಾಯಿತು. ವಿದೇಶಿ ಸೇನೆಗಳು ದೇಶದೊಳಗೇ ಕೂತಿದ್ದವು, ಸೇಡಿನ ದಾರಿ ಮುಚ್ಚಿತ್ತು ಅನ್ನೋದು ನಿಜ. ಆದರೆ ಈ ಸಲ ಶರಣಾಗತಿಗೆ ಸಹಿ ಹಾಕಿದವರು ಯಾರು ನೋಡಿ. ರೈಮ್ಸ್‌ನಲ್ಲಿ ಯೋಡ್ಲ್, ಬರ್ಲಿನ್‌ನಲ್ಲಿ ಕೈಟೆಲ್. ಇಬ್ಬರೂ ಹಿಟ್ಲರ್‌ನ ಸೇನಾನಾಯಕರು. ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ಆಗಿ 1946ರಲ್ಲಿ ಇಬ್ಬರಿಗೂ ಗಲ್ಲಾಯಿತು. ಬೆನ್ನಿಗೆ ಚೂರಿ ಎಂಬ ಕಥೆ ಕಟ್ಟಲು ಯಾರಿಗೂ ಜಾಗವೇ ಇರಲಿಲ್ಲ. ಮೊದಲ ಸಲ ಹಾಗಲ್ಲ. ಚಕ್ರವರ್ತಿ ವಿಲ್‌ಹೆಲ್ಮ್ ಹಾಲೆಂಡ್‌ಗೆ ಹೋಗಿ 1941ರವರೆಗೆ ನೆಮ್ಮದಿಯಾಗಿ ಬದುಕಿದ. ತಪ್ಪು ಮಾಡಿದವರು ಉಳಿದುಕೊಂಡರು, ದೇಶದ ಜನ ಕಂತು ಕಟ್ಟಿದರು.

1945ರ ನಂತರ ಕನಿಷ್ಠ ಪಶ್ಚಿಮ ಜರ್ಮನಿಯಲ್ಲಿ ಇದು ತಿರುಗಾಮುರುಗಾ ಆಯಿತು. ಎಷ್ಟೋ ಜನ ನಾಜಿಗಳು ತಪ್ಪಿಸಿಕೊಂಡು ಮತ್ತೆ ಕುರ್ಚಿ ಹಿಡಿದರು, ಅದು ದೊಡ್ಡ ಅನ್ಯಾಯ. ಆದರೂ ಮುಖ್ಯ ಅಪರಾಧಿಗಳಿಗೆ ಶಿಕ್ಷೆಯಾಯಿತು, ಜನರಿಗೆ ಕೈ ಕೊಟ್ಟು ಎಬ್ಬಿಸಿದರು. 1948ರಿಂದ ಅಮೆರಿಕದ ಮಾರ್ಷಲ್ ಯೋಜನೆಯ ನೆರವಿನ ಹಣ ಬಂತು. 1953ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ಪಶ್ಚಿಮ ಜರ್ಮನಿಯ ಹಳೆಯ ಸಾಲಗಳಲ್ಲಿ ಸುಮಾರು ಅರ್ಧದಷ್ಟನ್ನು ಬಿಟ್ಟುಕೊಟ್ಟರು. ಉಳಿದದ್ದನ್ನು ರಫ್ತಿನಲ್ಲಿ ಮಿಗುವ ಹಣದಿಂದ ಕಟ್ಟಿದರೆ ಸಾಕು ಎಂದರು. ಹಾಗಾಗಿ ಸಾಲ ವಾಪಸ್ ಬೇಕಾದರೆ ಸಾಲ ಕೊಟ್ಟವರೇ ಜರ್ಮನ್ ಸಾಮಾನು ಕೊಳ್ಳಬೇಕಿತ್ತು. ಆ ಕಾಗದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಫ್ರಾನ್ಸ್ ಇತ್ತು, ಬೆಲ್ಜಿಯಂ ಇತ್ತು, ನಾರ್ವೆ ಇತ್ತು, ನಾಜಿ ಆಕ್ರಮಣದಲ್ಲಿ ಹಸಿವಿನಿಂದ ಸಾವಿರ ಸಾವಿರ ಜನರನ್ನು ಕಳೆದುಕೊಂಡ ಗ್ರೀಸ್ ಕೂಡ ಇತ್ತು. ಯುದ್ಧ ಮುಗಿದು ಆಗ ಎಂಟು ವರ್ಷವೂ ತುಂಬಿರಲಿಲ್ಲ. ಅವರ ಸಿಟ್ಟು 1919ರ ಫ್ರಾನ್ಸಿನ ಸಿಟ್ಟಿಗಿಂತ ಒಂದು ತೂಕವೂ ಕಡಿಮೆ ಇರಲಿಲ್ಲ.